ಕ್ಲಚ್ಚಾ, ಗೇರ್‌ಬಾಕ್ಸಾ? ಇಳಿಸುವ ಮೊದಲು ಪತ್ತೆ ಮಾಡಿ

ಗೇರ್ ಸರಿಯಾಗಿ ಬೀಳುತ್ತಿಲ್ಲ ಅಂದ ಕೂಡಲೇ ಗೇರ್‌ಬಾಕ್ಸ್ ಹೋಯಿತು ಅಂತ ಹೆದರುವವರೇ ಜಾಸ್ತಿ. ಗ್ಯಾರೇಜಿನಲ್ಲೂ ಹಲವು ಸಲ ಅದೇ ಮಾತು: ಇಳಿಸಿ ನೋಡೋಣ, ಹೇಗೂ ಇಳಿಸಿದ ಮೇಲೆ ಕ್ಲಚ್ ಸೆಟ್ ಹೊಸದು ಹಾಕಿಬಿಡೋಣ. ಮಾಮೂಲಿ ಕಾರಿಗೆ ಅದು ಹೇಗೋ ನಡೆದೀತು. ಸ್ಪೋರ್ಟ್ಸ್ ಕಾರಿಗೆ ಹಾಗಲ್ಲ. ಕ್ಲಚ್ ಸೆಟ್ ದುಬಾರಿ, ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ನಿನ ತುದಿಯ ಭಾರದ ಚಕ್ರ, ಎರಡು ಭಾಗದ್ದು) ಇದ್ದರೆ ಇನ್ನೂ ದುಬಾರಿ, ಬಿಡಿಭಾಗ ಕಾಸರಗೋಡಿನಲ್ಲಿ ಸಿಗದೆ ಮಂಗಳೂರಿಗೋ ಕೊಚ್ಚಿಗೋ ಹೇಳಿ ತರಿಸಬೇಕು, ಅದು ಬರುವ ತನಕ ಕಾರು ಬಿಚ್ಚಿದ ಸ್ಥಿತಿಯಲ್ಲೇ ಶೆಡ್ಡಿನಲ್ಲಿ ನಿಂತಿರುತ್ತದೆ. ಇಷ್ಟೆಲ್ಲ ಆದ ಮೇಲೆ, ಹೋಗಿದ್ದು ಪೆಡಲ್ ಹಿಂದಿನ ಮಾಸ್ಟರ್ ಸಿಲಿಂಡರಿನ ಒಂದು ರಬ್ಬರ್ ಸೀಲ್ ಅಂತ ಗೊತ್ತಾದರೆ ಹೇಗಿರುತ್ತದೆ? ಅದಕ್ಕೇ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಸ್ಪ್ಯಾನರ್ ಹಿಡಿಯುವ ಮೊದಲು ತೊಂದರೆ ಎಲ್ಲಿದೆ ಅಂತ ಪತ್ತೆ ಮಾಡಿ. ಅದಕ್ಕೆ ಬೇಕಾದ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಡ್ರೈವರ್ ಸೀಟಿನಲ್ಲಿ ಕೂತೇ ಮಾಡಬಹುದು.

ಒಳಗೆ ಏನು ನಡೆಯುತ್ತದೆ ಅಂತ ಒಂದು ಸಲ ಕಣ್ಮುಂದೆ ತಂದುಕೊಂಡರೆ ಮುಂದಿನದೆಲ್ಲ ಸುಲಭ. ಇಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಇದೆ. ಅದಕ್ಕೆ ಪ್ರೆಶರ್ ಪ್ಲೇಟನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಇವೆರಡರ ನಡುವೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟ್, ಅದು ಕೂತಿರುವುದು ಗೇರ್‌ಬಾಕ್ಸಿನಿಂದ ಹೊರಬರುವ ಇನ್‌ಪುಟ್ ಶಾಫ್ಟಿನ ಹಲ್ಲುಗಳ ಮೇಲೆ. ಪೆಡಲ್ ತುಳಿಯದೆ ಇದ್ದಾಗ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿದಿರುತ್ತದೆ, ಮೂರೂ ಒಟ್ಟಿಗೆ ತಿರುಗುತ್ತವೆ. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು (ಬ್ರೇಕಿಗೆ ಹಾಕುವ ಅದೇ ಎಣ್ಣೆ) ದೂಡುತ್ತದೆ, ಆ ಎಣ್ಣೆ ಸ್ಲೇವ್ ಸಿಲಿಂಡರನ್ನು ದೂಡುತ್ತದೆ, ಅದು ಫೋರ್ಕ್ ಮೂಲಕ ರಿಲೀಸ್ ಬೇರಿಂಗನ್ನು ಸ್ಪ್ರಿಂಗಿಗೆ ಒತ್ತಿದಾಗ ಕ್ಲಚ್ ಪ್ಲೇಟ್ ಸಡಿಲವಾಗುತ್ತದೆ. ಎಷ್ಟು ಸಡಿಲ? ಒಂದು ಮಿಲಿಮೀಟರ್ ಆಸುಪಾಸು, ಅಷ್ಟೇ. ಈ ಅಳತೆ ನೆನಪಿಟ್ಟುಕೊಳ್ಳಿ. ಪೈಪಿನಲ್ಲಿ ಒಂದು ಸಣ್ಣ ಗಾಳಿಗುಳ್ಳೆ ಸೇರಿದರೂ ಗೇರ್ ಯಾಕೆ ಕುಟ್ಟುತ್ತದೆ ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ.

ಅಂದರೆ ಕ್ಲಚ್ ಎರಡೇ ರೀತಿಯಲ್ಲಿ ಕೈಕೊಡಬಹುದು. ಹಿಡಿಯಬೇಕಾದಾಗ ಹಿಡಿಯುವುದಿಲ್ಲ, ಇಲ್ಲವೇ ಬಿಡಬೇಕಾದಾಗ ಬಿಡುವುದಿಲ್ಲ. ಹಿಡಿಯದಿದ್ದರೆ ಕಾರು ಓಡುವಾಗ ಗೊತ್ತಾಗುತ್ತದೆ, ಬಿಡದಿದ್ದರೆ ಗೇರ್ ಹಾಕುವಾಗ. ಇವೆರಡೂ ಅಲ್ಲದೆ ಉಳಿಯುವುದು ಗೇರ್‌ಬಾಕ್ಸಿನ ಸ್ವಂತ ರೋಗ. ಈ ಮೂರನ್ನು ಬೇರೆ ಮಾಡುವುದೇ ಇಡೀ ಕೆಲಸ.

ಮೊದಲ ಪರೀಕ್ಷೆ ತೀರ ಸುಲಭ. ಕಾರು ಸಮತಟ್ಟು ಜಾಗದಲ್ಲಿ ನಿಂತಿರಲಿ, ಇಂಜಿನ್ ಆಫ್ ಇರಲಿ. ಕ್ಲಚ್ ತುಳಿದು ಒಂದರಿಂದ ಆರರ ತನಕ, ರಿವರ್ಸ್ ಸಹಿತ, ಎಲ್ಲ ಗೇರ್ ಹಾಕಿ ನೋಡಿ. ಸಲೀಸಾಗಿ ಬೀಳುತ್ತಾ? ಈಗ ಇಂಜಿನ್ ಸ್ಟಾರ್ಟ್ ಮಾಡಿ ಅದನ್ನೇ ಮಾಡಿ. ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದ ಗೇರ್ ಇಂಜಿನ್ ಓಡುವಾಗ ಬೀಳಲು ಹಠ ಮಾಡಿದರೆ, ತೊಂದರೆ ಬಹುಮಟ್ಟಿಗೆ ಕ್ಲಚ್ ಬಿಡದೆ ಇರುವುದರಲ್ಲಿ. ಗೇರ್‌ಬಾಕ್ಸನ್ನು ಸದ್ಯಕ್ಕೆ ಬಿಟ್ಟುಬಿಡಿ. ಇಂಜಿನ್ ಆಫ್ ಇದ್ದಾಗಲೂ ಲಿವರ್ ಗಟ್ಟಿ ಇದ್ದರೆ ಕ್ಲಚ್ಚಿಗೂ ಅದಕ್ಕೂ ಸಂಬಂಧ ಇಲ್ಲ. ಆಗ ನೋಡಬೇಕಾದ್ದು ಗೇರ್ ಕೇಬಲ್, ಲಿಂಕೇಜಿನ ಬುಷ್, ಲಿವರಿನ ಬುಡ, ಕೊನೆಗೆ ಬಾಕ್ಸಿನ ಒಳಗೆ ಗೇರ್ ಸರಿಸುವ ಫೋರ್ಕ್. ಹೊರಗಿನಿಂದ ಶಾರ್ಟ್ ಶಿಫ್ಟರ್ ತಂದು ಹಾಕಿಸಿದ ಕಾರಾದರೆ ಮೊದಲು ಅದನ್ನೇ ಅನುಮಾನಿಸಿ. ಲಿವರಿನ ಓಡಾಟ ಕಡಿಮೆಯಾದಷ್ಟೂ ಕೈಗೆ ಬಲ ಜಾಸ್ತಿ ಬೇಕು, ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಗೇರ್ ಪೂರ್ತಿ ಕೂರುವುದಿಲ್ಲ.

ಕ್ಲಚ್ ಬಿಡುತ್ತಿಲ್ಲ ಅಂದರೆ

ಇದರ ಗುರುತು ಸ್ಪಷ್ಟ. ನಿಂತಲ್ಲೇ ಫಸ್ಟ್ ಗೇರ್ ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತದೆ. ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸಿಗೆ ಸಿಂಕ್ರೋ (ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ಉಂಗುರ) ಇರುವುದಿಲ್ಲ, ಹಾಗಾಗಿ ಅದು ಒಳ್ಳೆಯ ಸಾಕ್ಷಿ. ಕ್ಲಚ್ ಪೂರ್ತಿ ತುಳಿದು ನಾಲ್ಕೈದು ಸೆಕೆಂಡ್ ಕಾಯಿರಿ, ಇನ್‌ಪುಟ್ ಶಾಫ್ಟ್ ತಿರುಗುವುದು ನಿಲ್ಲಬೇಕು. ಆಮೇಲೆ ರಿವರ್ಸ್ ಹಾಕಿ. ಕಾದ ಮೇಲೂ ಕರ್ರ್ ಅಂದರೆ ಕ್ಲಚ್ ಪ್ಲೇಟ್ ಇನ್ನೂ ಇಂಜಿನ್ನಿಗೆ ಉಜ್ಜಿಕೊಂಡೇ ಇದೆ. ಕಾಯದೆ ಹಾಕಿದರೆ ಮಾತ್ರ ಶಬ್ದ ಬಂತು, ಕಾದು ಹಾಕಿದರೆ ಇಲ್ಲ ಅಂದರೆ ಅದು ರೋಗವೇ ಅಲ್ಲ, ಸುಮ್ನೆ ಹೆದರಬೇಡಿ.

ಮುಂದಿನ ಪರೀಕ್ಷೆ ನನಗೆ ತುಂಬ ಇಷ್ಟ, ಯಾಕೆಂದರೆ ಒಂದು ರೂಪಾಯಿ ಖರ್ಚಿಲ್ಲದೆ ಬಹಳ ಹೇಳುತ್ತದೆ. ಗೇರ್ ಬೀಳದಿದ್ದಾಗ ಪೆಡಲನ್ನು ಬೇಗಬೇಗ ಎರಡು ಮೂರು ಸಲ ಒತ್ತಿ, ಕೊನೆಯ ಸಲ ಹಿಡಿದುಕೊಂಡು ಗೇರ್ ಹಾಕಿ. ಈಗ ಬಿತ್ತಾ? ಹಾಗಾದರೆ ತೊಂದರೆ ಎಣ್ಣೆಯ ದಾರಿಯಲ್ಲಿದೆ. ಗಾಳಿ ಸೇರಿದೆ, ಇಲ್ಲವೇ ಸೀಲ್ ಹೋಗಿದೆ. ಇನ್ನೊಂದು ಲಕ್ಷಣ ಕಾಸರಗೋಡು ಪೇಟೆಯ ಟ್ರಾಫಿಕ್ಕಿನಲ್ಲಿ ಸಿಗ್ನಲ್ ಬಳಿ ತಿಳಿಯುತ್ತದೆ: ಫಸ್ಟ್ ಗೇರಿನಲ್ಲಿ ಕ್ಲಚ್ ತುಳಿದು ನಿಂತಿದ್ದೀರಿ, ಕಾಲು ಅಲ್ಲಾಡಿಸಿಲ್ಲ, ಆದರೂ ಸ್ವಲ್ಪ ಹೊತ್ತಿಗೆ ಕಾರು ಮೆಲ್ಲ ಮುಂದೆ ತೆವಳಲು ನೋಡುತ್ತದೆ. ಹೊರಗೆ ಎಲ್ಲೂ ಹನಿ ಬಿದ್ದಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲನ್ನು ದಾಟಿ ಎಣ್ಣೆ ಹಿಂದೆ ಸರಿಯುತ್ತಿದೆ ಅಂತ ಅರ್ಥ. ಡಬ್ಬದಲ್ಲಿ ಎಣ್ಣೆಯ ಮಟ್ಟ ಇಳಿಯುವುದಿಲ್ಲ, ಅದಕ್ಕೇ ಎಷ್ಟೋ ಜನ ಇದನ್ನು ಹಿಡಿಯುವುದಿಲ್ಲ.

ಸೋರಿಕೆ ಹುಡುಕಲು ಟಾರ್ಚ್ ಹಿಡಿದು ಎರಡು ಕಡೆ ನೋಡಿ. ಒಂದು, ಪೆಡಲ್ ಮೇಲ್ಭಾಗದಲ್ಲಿ ಮಾಸ್ಟರ್ ಸಿಲಿಂಡರಿನ ರಾಡ್ ಗೋಡೆಯಿಂದ ಹೊರಬರುವ ಜಾಗ. ಅಲ್ಲಿ ಕಾರ್ಪೆಟ್ ಒದ್ದೆ ಇದ್ದರೆ, ಬಣ್ಣ ಉಬ್ಬಿ ಸಿಪ್ಪೆ ಏಳುತ್ತಿದ್ದರೆ ಅದು ಬ್ರೇಕ್ ಎಣ್ಣೆಯದೇ ಕೆಲಸ. ಎರಡು, ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್. ಅದರ ರಬ್ಬರ್ ಟೊಪ್ಪಿಯನ್ನು ಮೆಲ್ಲ ಮಡಚಿ ನೋಡಿ, ಒಳಗೆ ಒಣಗಿರಬೇಕು. ನಮ್ಮ ಕಡೆಯ ಕಾರುಗಳಲ್ಲಿ ಕೆಂಪು ಮಣ್ಣಿನ ಧೂಳು ಎಲ್ಲ ಕಡೆ ಕೂತಿರುತ್ತದೆ ಅಲ್ವಾ, ಎಣ್ಣೆ ಜಿನುಗಿದ ಜಾಗದಲ್ಲಿ ಅದೇ ಧೂಳು ಕಪ್ಪು ಕೆಸರಾಗಿ ಮೆತ್ತಿಕೊಂಡಿರುತ್ತದೆ. ಸೋರಿಕೆ ಎಲ್ಲಿಂದ ಅಂತ ಬೆರಳಿಟ್ಟು ತೋರಿಸಿದ ಹಾಗೆ ಕಾಣುತ್ತದೆ.

ಮಾಜ್ಡಾ ಎಂಎಕ್ಸ್-5ರ ಹಳೆಯ ಮಾದರಿಗಳಲ್ಲಿ ಸ್ಲೇವ್ ಸಿಲಿಂಡರ್ ಹೊರಗೇ ಇದೆ. ಅದು ಸೋರುವುದು ಮಾಮೂಲು, ಬದಲಿಸುವುದೂ ಸುಲಭ. ಆದರೆ ಎಷ್ಟೋ ಹೊಸ ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಮತ್ತು ರಿಲೀಸ್ ಬೇರಿಂಗ್ ಒಂದೇ ತುಂಡಾಗಿ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಒಳಗೆ, ಇನ್‌ಪುಟ್ ಶಾಫ್ಟಿನ ಸುತ್ತ ಕೂತಿರುತ್ತದೆ. ದುಬೈಯಲ್ಲಿ ನಿಸ್ಸಾನ್ 370ಝಡ್ ಓಡಿಸುವ ನಮ್ಮವರನ್ನು ಕೇಳಿದರೆ ಅದರ ಕಥೆ ಹೇಳುತ್ತಾರೆ, ಆ ಕಾರಿನ ಹೆಸರಾಂತ ದೂರು ಅದೇ. ಅಂಥ ಕಾರಿನಲ್ಲಿ ಡಬ್ಬದ ಎಣ್ಣೆ ಇಳಿಯುತ್ತಿದೆ, ಹೊರಗೆಲ್ಲ ಒಣ, ಬೆಲ್ ಹೌಸಿಂಗಿನ ತಳದಲ್ಲಿ ಮಾತ್ರ ಹನಿ ಅಂತಾದರೆ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ. ಆಗ ಇಳಿಸಿ. ನನ್ನ ತಕರಾರು ಇಳಿಸುವುದಕ್ಕಲ್ಲ, ನೋಡದೆ ಇಳಿಸುವುದಕ್ಕೆ.

ಬಹಳಷ್ಟು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಎಣ್ಣೆ ಡಬ್ಬ. ಕ್ಲಚ್ಚಿಗೆ ಹೋಗುವ ಪೈಪು ಸ್ವಲ್ಪ ಎತ್ತರದಲ್ಲಿರುತ್ತದೆ, ಎಣ್ಣೆ ಕಮ್ಮಿಯಾದರೆ ಮೊದಲು ಕ್ಲಚ್ ಹೋಗಲಿ, ಬ್ರೇಕ್ ಉಳಿಯಲಿ ಅಂತ. ಆದ್ದರಿಂದ ಕ್ಲಚ್ ಪೆಡಲ್ ದಿಢೀರನೆ ನೆಲಕ್ಕೆ ಹೋದರೆ ಬ್ರೇಕ್ ಪೈಪುಗಳನ್ನೂ ನೋಡದೆ ಕಾರು ಓಡಿಸಬೇಡಿ.

ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸುವುದು ತೀರ ಅಗತ್ಯ. ಕಾರು ತಣ್ಣಗಿದ್ದಾಗ ಸರಿ ಇದ್ದು, ಸಂಪಾಜೆ ಘಾಟಿ ಹತ್ತಿ ಬಿಸಿಯಾದ ಮೇಲೆ ಮಾತ್ರ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾದರೆ, ಮೊದಲು ಹಳೆ ಎಣ್ಣೆ ತೆಗೆದು ಬ್ಲೀಡ್ ಮಾಡಿಸಿ, ಅಂದರೆ ಪೈಪಿನ ಗಾಳಿ ಹೊರಹಾಕಿಸಿ.

ಇಲ್ಲಿಯ ಹವೆಯಿಂದಲೇ ಬರುವ ಇನ್ನೊಂದು ತೊಂದರೆ ಇದೆ. ಉಪ್ಪಳ, ಕುಂಬಳೆ ಕಡೆ ಎಷ್ಟೋ ಮನೆಗಳಲ್ಲಿ ಕಾರಿನ ಯಜಮಾನ ಗಲ್ಫಿನಲ್ಲಿ, ಕಾರು ಇಡೀ ಮಳೆಗಾಲ ಪೋರ್ಟಿಕೋದಲ್ಲಿ. ರಜೆಗೆ ಬಂದು ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದರೆ ಒಂದೇ ಒಂದು ಗೇರ್ ಬೀಳುವುದಿಲ್ಲ. ಪೆಡಲ್ ಗಟ್ಟಿ ಇದೆ, ಎಣ್ಣೆ ಇದೆ, ಸೋರಿಕೆ ಇಲ್ಲ. ಆಗಿರುವುದು ಇಷ್ಟೇ: ಫ್ಲೈವೀಲಿನ ಮುಖಕ್ಕೆ ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಅದಕ್ಕೆ ಅಂಟಿಕೊಂಡಿದೆ. ಇಂಜಿನ್ ಚೆನ್ನಾಗಿ ಬಿಸಿ ಮಾಡಿ ಆಫ್ ಮಾಡಿ, ಮುಂದೆ ಯಾರೂ ಇಲ್ಲದ ವಿಶಾಲ ಮೈದಾನದ ಕಡೆ ಮುಖ ಮಾಡಿ, ಗೇರಿನಲ್ಲಿಟ್ಟು ಕ್ಲಚ್ ತುಳಿದುಕೊಂಡೇ ಸ್ಟಾರ್ಟ್ ಮಾಡಿ, ಕಾರು ಚಲಿಸುವಾಗ ಪೆಡಲ್ ಬಿಡದೆ ಆಕ್ಸಿಲರೇಟರನ್ನು ಒಂದೆರಡು ಸಲ ಒತ್ತಿ ಬಿಟ್ಟರೆ ಸಾಮಾನ್ಯವಾಗಿ ಟಕ್ಕಂತ ಬಿಟ್ಟುಕೊಳ್ಳುತ್ತದೆ. ಕಾರು ದಿಢೀರನೆ ಎಗರುವ ಕೆಲಸ ಇದು, ಅಭ್ಯಾಸ ಇಲ್ಲದವರು ಮೆಕ್ಯಾನಿಕ್ಕನ್ನೇ ಕರೆಯಿರಿ. ಮನೆಯಲ್ಲಿ ಡ್ರೈವಿಂಗ್ ಗೊತ್ತಿರುವವರು ವಾರಕ್ಕೊಮ್ಮೆ ಕಾರನ್ನು ಸ್ವಲ್ಪ ದೂರ ಓಡಿಸಿ ತಂದರೆ ಈ ಪಾಡೇ ಇಲ್ಲ. ನಿಂತಲ್ಲೇ ಸ್ಟಾರ್ಟ್ ಮಾಡಿಟ್ಟರೆ ಸಾಲದು, ಕ್ಲಚ್ ಕೆಲಸ ಮಾಡಬೇಕು.

ಕ್ಲಚ್ ಹಿಡಿಯುತ್ತಿಲ್ಲ ಅಂದರೆ

ಸ್ಲಿಪ್ ಆಗುವುದನ್ನು ಫಸ್ಟ್, ಸೆಕೆಂಡ್ ಗೇರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ತಲಪಾಡಿಯಿಂದ ಬರುವ ಅಗಲ ಹೆದ್ದಾರಿಯಲ್ಲಿ ಹಿಂದೆ ಮುಂದೆ ವಾಹನ ಇಲ್ಲದಾಗ ಐದನೇ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರ್ ಆಸುಪಾಸಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮತ್ತು ಸ್ಪೀಡ್ ಮುಳ್ಳು ಜೊತೆಯಾಗಿಯೇ ಏರಬೇಕು. ಆರ್‌ಪಿಎಂ ಮಾತ್ರ ಜಿಗಿದು ವೇಗ ಅಲ್ಲೇ ಉಳಿದರೆ ಕ್ಲಚ್ ಜಾರುತ್ತಿದೆ. ದೊಡ್ಡ ಗೇರೇ ಯಾಕೆ? ಸಣ್ಣ ಗೇರಿನಲ್ಲಿ ಕಾರು ಬೇಗ ಓಡಿಬಿಡುತ್ತದೆ, ಟರ್ಬೋ ಪೂರ್ತಿ ಒತ್ತಡ ಕಟ್ಟುವಷ್ಟು ಹೊತ್ತೇ ಇರುವುದಿಲ್ಲ. ದೊಡ್ಡ ಗೇರಿನಲ್ಲಿ ಇಂಜಿನ್ನಿನ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ಕ್ಲಚ್ ಮೇಲೆ ಬಂದು ಕೂರುತ್ತದೆ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ 1.5 ಲೀಟರ್ ಇಂಜಿನ್ 250 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಹ್ಯುಂಡೈ ಐ20 ಎನ್ ಲೈನ್ 172 ಕೊಡುತ್ತದೆ. ಕಂಪನಿ ಕ್ಲಚ್ಚನ್ನು ಆ ಲೆಕ್ಕಕ್ಕೆ ಸ್ವಲ್ಪ ಮೇಲೆ ಮಾತ್ರ ಮಾಡಿರುತ್ತದೆ. ರೀಮ್ಯಾಪ್ ಮಾಡಿಸಿ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ) ಟಾರ್ಕ್ ಏರಿಸಿದ ಮೇಲೆ ಹೊಸ ಕ್ಲಚ್ಚೂ ಜಾರಿದರೆ ಅದು ಕ್ಲಚ್ಚಿನ ದೋಷ ಅಲ್ಲ. ಅದೇ ಕಂಪನಿ ಸೆಟ್ ಮತ್ತೆ ಹಾಕಿಸಿ ದುಡ್ಡು ಕಳೆಯಬೇಡಿ, ಜಾಸ್ತಿ ತಾಳುವ ಪ್ರೆಶರ್ ಪ್ಲೇಟ್ ಹಾಕಿಸಿ, ಇಲ್ಲವೇ ಮ್ಯಾಪನ್ನು ಇಳಿಸಿ.

ಹ್ಯಾಂಡ್ ಬ್ರೇಕ್ ಎಳೆದು ನಾಲ್ಕನೇ ಗೇರಿನಲ್ಲಿ ಕ್ಲಚ್ ಬಿಡುವ ಹಳೆಯ ಪರೀಕ್ಷೆಯೂ ಇದೆ. ಇಂಜಿನ್ ತಕ್ಷಣ ನಿಲ್ಲಬೇಕು. ಆದರೆ ಅದು ಪೂರ್ತಿ ಸತ್ತ ಕ್ಲಚ್ಚನ್ನು ಮಾತ್ರ ಹಿಡಿಯುತ್ತದೆ, ಅರ್ಧ ಸವೆದದ್ದು ಅದರಲ್ಲಿ ಪಾಸಾಗುತ್ತದೆ. ಪದೇ ಪದೇ ಮಾಡಿದರೆ ಇದ್ದ ಪ್ಲೇಟೂ ಸುಡುತ್ತದೆ.

ಜಾರುತ್ತಿದೆ ಅಂತ ಖಾತ್ರಿಯಾದ ಮೇಲೂ ಒಂದು ಅಗ್ಗದ ಕಾರಣವನ್ನು ತಳ್ಳಿಹಾಕಿಕೊಳ್ಳಿ. ಪೆಡಲ್ ಮೇಲ್ಗಡೆ ಸ್ವಲ್ಪ ಫ್ರೀ ಪ್ಲೇ, ಅಂದರೆ ಕ್ಲಚ್ಚಿಗೆ ತಾಗದ ಸಡಿಲ ಓಡಾಟ, ಇರಲೇಬೇಕು. ಯಾರೋ ಪೆಡಲ್ ರಾಡನ್ನು ಬಿಗಿಯಾಗಿ ಹೊಂದಿಸಿದ್ದರೆ ಎಣ್ಣೆ ಡಬ್ಬಕ್ಕೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡು ಪೈಪಿನಲ್ಲಿ ಒತ್ತಡ ಉಳಿದುಬಿಡುತ್ತದೆ. ಆಗ ನೀವು ಕಾಲು ತೆಗೆದರೂ ಕಾರಿನ ಪಾಲಿಗೆ ಹಾಫ್ ಕ್ಲಚ್ಚೇ. ಬಿಸಿಯಾದಷ್ಟೂ ಜಾರುವುದು ಹೆಚ್ಚುತ್ತದೆ. ರಾಡ್ ಸ್ವಲ್ಪ ಸಡಿಲಿಸಿದರೆ ಗುಣವಾಗುವ ಕಾಯಿಲೆ ಇದು.

ಶಬ್ದ ಕೇಳಿ

ಕಾರು ನಿಲ್ಲಿಸಿ, ನ್ಯೂಟ್ರಲ್, ಎಸಿ ಆಫ್, ಕಿಟಕಿ ಇಳಿಸಿ. ಪೆಡಲ್ ಬಿಟ್ಟಾಗ ಗುರ್ ಅನ್ನುವ ಶಬ್ದ ಇದ್ದು ಪೂರ್ತಿ ತುಳಿದಾಗ ನಿಂತರೆ ಅದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಕಡೆಯದು, ಯಾಕೆಂದರೆ ತುಳಿದಾಗ ಆ ಶಾಫ್ಟ್ ನಿಲ್ಲುತ್ತದೆ. ಇದರ ಉಲ್ಟಾ, ತುಳಿದಾಗ ಶಬ್ದ ಶುರುವಾಗಿ ಬಿಟ್ಟಾಗ ನಿಂತರೆ ರಿಲೀಸ್ ಬೇರಿಂಗ್. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಫ್ಲೈವೀಲಿನ ನಡುವೆ ಪೈಲಟ್ ಬೇರಿಂಗ್ ಅಂತ ಒಂದಿರುತ್ತದೆ. ಅದೂ ಕ್ಲಚ್ ತುಳಿದಾಗಲೇ ಕೂಗುತ್ತದೆ, ಆದರೆ ಗೇರಿನಲ್ಲಿಟ್ಟು ನಿಂತಾಗ ಜೋರು, ಇನ್‌ಪುಟ್ ಶಾಫ್ಟ್ ನಿಂತು ಇಂಜಿನ್ ಮಾತ್ರ ತಿರುಗುತ್ತಿರುತ್ತದಲ್ಲ, ಅದಕ್ಕೆ. ಇನ್ನು ಡ್ಯುಯಲ್ ಮಾಸ್ ಫ್ಲೈವೀಲ್ ಸವೆದರೆ ಐಡಲ್‌ನಲ್ಲಿ ಡಬ್ಬದೊಳಗೆ ನಟ್ಟು ಅಲ್ಲಾಡಿದ ಹಾಗೆ ಗಡಗಡ, ಇಂಜಿನ್ ಆಫ್ ಮಾಡುವ ಆ ಕ್ಷಣದಲ್ಲಿ ಒಂದು ದೊಡ್ಡ ಕುಲುಕು.

ಓಡುವಾಗ ಬರುವ ಶಬ್ದಕ್ಕೆ ಬೇರೆ ಲೆಕ್ಕ. ಒಂದೇ ಗೇರಿನಲ್ಲಿ ಕುಂಯ್ ಅಂದರೆ ಆ ಗೇರಿನ ಹಲ್ಲು. ಗೇರ್ ಯಾವುದಿದ್ದರೂ ವೇಗಕ್ಕೆ ತಕ್ಕ ಹಾಗೆ ಏರಿಳಿದರೆ ಡಿಫರೆನ್ಷಿಯಲ್ ಅಥವಾ ವೀಲ್ ಬೇರಿಂಗ್, ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗೇ. ಎಂಎಕ್ಸ್-5ರ ಹಳೆ ಐದು ಗೇರಿನ ಬಾಕ್ಸಿನಲ್ಲಿ ನಾಲ್ಕನೆಯದು ನೇರ ಗೇರ್, ಶಕ್ತಿ ಇನ್‌ಪುಟ್‌ನಿಂದ ಸೀದಾ ಔಟ್‌ಪುಟ್‌ಗೆ ಹೋಗುತ್ತದೆ. ಉಳಿದೆಲ್ಲದರಲ್ಲಿ ಶಬ್ದ ಇದ್ದು ನಾಲ್ಕರಲ್ಲಿ ಮಾತ್ರ ತಣ್ಣಗಾದರೆ ಉಳಿದ ಗೇರುಗಳಲ್ಲಿ ಶಕ್ತಿ ಹಾದುಹೋಗುವ ಕೆಳಗಿನ ಕೌಂಟರ್ ಶಾಫ್ಟನ್ನು ನೋಡಬೇಕು.

ಗೇರ್‌ಬಾಕ್ಸಿನದೇ ಆದರೆ

ಇಷ್ಟೆಲ್ಲ ಪರೀಕ್ಷೆಯಲ್ಲಿ ಕ್ಲಚ್ ಪಾಸಾಗಿ, ಒಂದೇ ಒಂದು ಗೇರ್ ಮಾತ್ರ, ಹೆಚ್ಚಾಗಿ ಸೆಕೆಂಡ್ ಅಥವಾ ಥರ್ಡ್, ಬೇಗ ಹಾಕಿದಾಗ ಕರ್ರ್ ಅಂದರೆ ಸಿಂಕ್ರೋ ಸವೆದಿದೆ. ಸಿಂಕ್ರೋ ಉಂಗುರದ ಕೆಲಸ ಗೇರನ್ನು ಉಜ್ಜಿ ವೇಗ ಸಮ ಮಾಡುವುದು. ಖಾತ್ರಿ ಮಾಡಲು ಡಬಲ್ ಕ್ಲಚ್ ಮಾಡಿ: ಮೂರರಿಂದ ಎರಡಕ್ಕೆ ಬರುವಾಗ ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ತುಳಿದು ಹಾಕಿ. ಆಗ ಶಬ್ದವೇ ಇಲ್ಲದೆ ಬಿದ್ದರೆ ಸಂಶಯ ಬೇಡ, ಉಂಗುರ ಮಾಡಬೇಕಾದ ಕೆಲಸವನ್ನು ನಿಮ್ಮ ಕಾಲು ಮಾಡಿತು.

ಆದರೂ ಬಿಚ್ಚುವ ಮೊದಲು ಗೇರ್ ಆಯಿಲ್ ಬದಲಿಸಿ ನೋಡಿ. ಜಿಎಲ್-4 ದರ್ಜೆಯ ಎಣ್ಣೆ ಕೇಳುವ ಬಾಕ್ಸಿಗೆ ಅಂಗಡಿಯಲ್ಲಿ ಸಿಕ್ಕಿದ ಜಿಎಲ್-5 ಸುರಿದಿದ್ದರೆ, ಅದು ಜಾಸ್ತಿ ಜಾರುವ ಎಣ್ಣೆಯಾದ್ದರಿಂದ ಸಿಂಕ್ರೋ ಉಜ್ಜಲಾಗದೆ ಸೋಲುತ್ತದೆ, ಅದರಲ್ಲಿರುವ ಕೆಲವು ರಾಸಾಯನಿಕ ಹಿತ್ತಾಳೆ ಉಂಗುರಕ್ಕೂ ಒಳ್ಳೆಯದಲ್ಲ. ಹಳೆ ಎಣ್ಣೆಯನ್ನು ಬಿಳಿ ಟ್ರೇಯಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಕಾಡಿಗೆಯಂಥದ್ದು ಮೆತ್ತಿದ್ದರೆ ಮಾಮೂಲು, ಒರೆಸಿ ಹಾಕಿ. ಬೆರಳಿನ ನಡುವೆ ಉಜ್ಜಿದಾಗ ಚುಚ್ಚುವ ಚೂರುಗಳಿದ್ದರೆ ಹಲ್ಲೋ ಬೇರಿಂಗೋ ಒಡೆದಿದೆ. ಎಣ್ಣೆಯಲ್ಲಿ ಚಿನ್ನದ ಬಣ್ಣದ ಮಿನುಗು ತೇಲುತ್ತಿದ್ದರೆ, ಅದು ಅಯಸ್ಕಾಂತಕ್ಕೂ ಅಂಟದಿದ್ದರೆ, ಸಿಂಕ್ರೋದ ಹಿತ್ತಾಳೆ.

ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಹಾರುವುದಕ್ಕೆ ಬಾಕ್ಸಿನ ಒಳಗಿನ ಸವೆತವೂ ಕಾರಣ ಇರಬಹುದು, ಹೊರಗೆ ಇಂಜಿನ್ನನ್ನು ಹಿಡಿದಿಡುವ ರಬ್ಬರಿನ ಇಂಜಿನ್ ಮೌಂಟೂ ಇರಬಹುದು. ಆಕ್ಸಿಲರೇಟರ್ ಒತ್ತಿದಾಗ ಲಿವರ್ ಹಿಂದೆ ಮುಂದೆ ಎಗರಿದರೆ ಮೌಂಟ್ ನೋಡಿ. ಕಾರು ಹೊರಡುವಾಗ ನಡುಗುವುದಕ್ಕೂ ಅದೇ ಮೊದಲ ಅನುಮಾನ.

ಕೊನೆಗೂ ಇಳಿಸಬೇಕಾಗಿ ಬಂತು ಅಂತಿಟ್ಟುಕೊಳ್ಳಿ. ಆ ದಿನ ಗ್ಯಾರೇಜಿಗೆ ಹೋಗಿ ಹಳೆ ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿ, ಎಸೆಯಲು ಬಿಡಬೇಡಿ. ರಿವೆಟ್ ಮಟ್ಟಕ್ಕೆ ಸಮನಾಗಿ ಸವೆದಿದ್ದರೆ ಅದರ ಆಯುಷ್ಯ ಮುಗಿದಿತ್ತು. ಮುಖ ಗಾಜಿನಂತೆ ಹೊಳೆದು ಪ್ರೆಶರ್ ಪ್ಲೇಟಿನಲ್ಲಿ ನೀಲಿ ಮಚ್ಚೆ ಇದ್ದರೆ ಸುಟ್ಟಿದೆ, ಹಾಫ್ ಕ್ಲಚ್ಚಿನಲ್ಲಿ ಏರು ಹತ್ತುವ ಅಭ್ಯಾಸವೋ ಆ ಬಿಗಿ ರಾಡೋ ನೋಡಬೇಕು. ಒಂದು ಬದಿ ಮಾತ್ರ ಜಾಸ್ತಿ ಸವೆದಿದ್ದರೆ ಪ್ಲೇಟ್ ಶಾಫ್ಟಿನ ಹಲ್ಲಿನ ಮೇಲೆ ಸಲೀಸಾಗಿ ಜರುಗುತ್ತಿರಲಿಲ್ಲ, ಹಲ್ಲನ್ನು ಉಜ್ಜಿ ತೀರ ತೆಳುವಾಗಿ ಗ್ರೀಸ್ ಹಚ್ಚಬೇಕು. ಜಾಸ್ತಿ ಹಚ್ಚಿದರೆ ಅದು ಸಿಡಿದು ಹೊಸ ಪ್ಲೇಟಿಗೇ ಮೆತ್ತುತ್ತದೆ. ಎಣ್ಣೆ ಕಂಡರೆ ಮೂಸಿ ನೋಡಿ: ಗಂಧಕದ ಕಟು ವಾಸನೆ ಇದ್ದರೆ ಗೇರ್ ಆಯಿಲ್, ಇನ್‌ಪುಟ್ ಶಾಫ್ಟ್ ಸೀಲಿನಿಂದ ಬಂದದ್ದು. ಬರೀ ಕಪ್ಪಾಗಿ ಇಂಜಿನ್ ಆಯಿಲ್ ವಾಸನೆ ಇದ್ದರೆ ಫ್ಲೈವೀಲ್ ಹಿಂದಿನ ಕ್ರ್ಯಾಂಕ್ ಸೀಲ್. ಯಾವ ಸೀಲ್ ಅಂತ ತಿಳಿದು, ಅದನ್ನು ಬದಲಿಸಿದ್ದನ್ನು ಕಣ್ಣಾರೆ ನೋಡಿಯೇ ಗೇರ್‌ಬಾಕ್ಸ್ ಏರಿಸಲು ಹೇಳಿ. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಒಳಗಿನ ಸ್ಲೇವ್ ಸಿಲಿಂಡರ್ ಹಳತಾಗಿದ್ದರೆ ಅವನ್ನೂ ಆಗಲೇ ಬದಲಿಸಿ, ಅದಕ್ಕೆಂದು ಮತ್ತೊಮ್ಮೆ ಇಳಿಸುವ ಕೂಲಿ ಕೊಡಬೇಕಾಗಿಲ್ಲ. ಹೊಸ ಪ್ಲೇಟ್ ಹೊಂದಿಕೊಳ್ಳಲು ಮೊದಲ 500 ಕಿಲೋಮೀಟರ್ ಪೇಟೆಯ ಮಾಮೂಲಿ ಓಟವೇ ಸಾಕು, ಅಲ್ಲಿಯ ತನಕ ಜೋರಾಗಿ ಎಗರಿಸಿ ಹೊರಡಬೇಡಿ.